ಇಮ್ಯುನಿಟಿ ಡಬ್ಬಿಯಲ್ಲಿ ಬರುವುದಿಲ್ಲ

ಹೋದ ಚಳಿಗಾಲದಲ್ಲಿ ನಮ್ಮ ತಂಡದ ಒಬ್ಬರ ಊರಿಗೆ ಒಂದು ಕಾರು ಬಂತು. ಊರು ಇರುವುದು ಶಿವಮೊಗ್ಗ ಜಿಲ್ಲೆಯ ಕಾಡಂಚಿನಲ್ಲಿ. ಟೈ ಕಟ್ಟಿಕೊಂಡ ಇಬ್ಬರು ಇಳಿದರು. ಮಹಿಳಾ ಸಂಘದ ಸಭೆ ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು, ಜಗುಲಿಯ ಮೇಲೆ ಬಣ್ಣದ ಡಬ್ಬಿಗಳನ್ನು ಸಾಲಾಗಿ ಜೋಡಿಸಿದರು. 'ಇಮ್ಯುನಿಟಿ ಪುಡಿ. ದಿನಾ ಎರಡು ಚಮಚ. ಡೆಂಗಿ, ಟೈಫಾಯ್ಡ್, ಕೊರೊನಾ ಯಾವುದೂ ಹತ್ತಿರ ಸುಳಿಯಲ್ಲ. ನಿಮ್ಮ ಕಡೆ ಮಂಗನ ಕಾಯಿಲೆ ಇದೆಯಲ್ಲ, ಅದೂ ಬರಲ್ಲ. ಸರ್ಕಾರದ ಇಂಜೆಕ್ಷನ್ನೇ ನಿಂತು ಹೋಯ್ತಲ್ಲ, ಇನ್ನೇನು ಮಾಡ್ತೀರಿ?'

ಒಂದು ಡಬ್ಬಿಗೆ 1,850 ರೂಪಾಯಿ. ಒಬ್ಬ ಅಜ್ಜಿ ಸಂಘದಿಂದ ಸಾಲ ತೆಗೆದು ಮೂರು ಡಬ್ಬಿ ಕೊಂಡರು. ತಮಗೊಂದು, ಮಗನಿಗೊಂದು, ಎರಡು ವರ್ಷ ತುಂಬಿದ ಮೊಮ್ಮಗುವಿಗೊಂದು. ನಾವು ಆಮೇಲೆ ಅವರ ಮನೆಗೆ ಹೋಗಿ ಮಗುವಿನ ತಾಯಿ ಕಾರ್ಡ್ ಕೇಳಿ ನೋಡಿದೆವು. ದಡಾರದ ಎರಡನೇ ಡೋಸ್ ಜಾಗ ಖಾಲಿ ಇತ್ತು. 'ಆ ದಿನ ಅಡಿಕೆ ಕೊಯ್ಲು ಇತ್ತು, ಹೋಗೋಕಾಗ್ಲಿಲ್ಲ' ಅಂದರು.

ಬಿಟ್ಟಿ ಸಿಗುವ ಇಮ್ಯುನಿಟಿ ಅಂಗನವಾಡಿಯಲ್ಲಿ ಉಳಿಯಿತು. ದುಡ್ಡಿನದು ಸಾಲವಾಗಿ ಮನೆಗೆ ಬಂತು. ನಮಗೆ ಸಿಟ್ಟು ಬಂದಿರುವುದು ಅಜ್ಜಿಯ ಮೇಲಲ್ಲ. ಸುಳ್ಳನ್ನು ಡಬ್ಬಿಗೆ ತುಂಬಿ ಮಾರಿದವರ ಮೇಲೆ. ಆ ಸುಳ್ಳಿಗೆ ಜಾಗ ಬಿಟ್ಟುಕೊಟ್ಟವರ ಮೇಲೆ ಇನ್ನೂ ಜಾಸ್ತಿ.

ಮೊದಲು ಸುಳ್ಳು ಯಾವುದು ಅಂತ ನೋಡೋಣ. ಡಬ್ಬಿಯವರು ಹೇಳುವ ಪ್ರಕಾರ ಇಮ್ಯುನಿಟಿ ಅಂದರೆ ಟ್ಯಾಂಕಿನ ನೀರಿನ ಹಾಗೆ. ಕಡಿಮೆಯಾದರೆ ಕಾಯಿಲೆ, ತುಂಬಿಸಿದರೆ ಆರೋಗ್ಯ. ಇದೇ ತಪ್ಪು. ನಮ್ಮ ದೇಹದ ರಕ್ಷಣೆ ಟ್ಯಾಂಕ್ ಅಲ್ಲ, ಅದು ಒಂದು ಕಾವಲು ಪಡೆ. ಆ ಪಡೆಗೆ ಊಟ ಬೇಕು, ನಿಜ. ಆದರೆ ಅದಕ್ಕಿಂತ ಮುಖ್ಯವಾಗಿ ಕಳ್ಳನ ಗುರುತು ಬೇಕು. ಗುರುತೇ ಇಲ್ಲದ ಕಾವಲುಗಾರ ಎಷ್ಟು ದಪ್ಪ ಇದ್ದರೇನು?

ನಿಮಗೆ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗದ್ದೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿತು. ಅಲ್ಲಿಯವರೆಗೆ ಚರ್ಮವೇ ಬೇಲಿಯಾಗಿತ್ತು. ಕಣ್ಣೀರು, ಎಂಜಲು, ಮೂಗಿನ ಸಿಂಬಳ, ಹೊಟ್ಟೆಯ ಆಮ್ಲ ಇವೆಲ್ಲ ಅದೇ ಬೇಲಿಯ ಭಾಗ. ಮುಳ್ಳು ಬೇಲಿ ಹರಿಯಿತು, ಮಣ್ಣಿನ ರೋಗಾಣುಗಳು ಒಳಗೆ ಬಂದವು. ಸ್ವಲ್ಪ ಹೊತ್ತಿಗೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ. ಅದು ರೋಗವಲ್ಲ, ಪಡೆ ಬಂದ ಗುರುತು. ರಕ್ತನಾಳ ಅಗಲವಾಗಿ ಬಿಳಿ ರಕ್ತಕಣಗಳು ಅಲ್ಲಿಗೆ ಇಳಿಯುತ್ತವೆ, ಸಿಕ್ಕ ರೋಗಾಣುವನ್ನು ನುಂಗುತ್ತವೆ, ತಾವೂ ಸಾಯುತ್ತವೆ. ನಾವು ಕೀವು ಅನ್ನುವುದರಲ್ಲಿ ಬಹುಪಾಲು ಹೀಗೆ ಸತ್ತ ಕಣಗಳೇ. ನ್ಯೂಟ್ರೋಫಿಲ್ ಎನ್ನುವ ಒಂದೇ ಜಾತಿಯ ಬಿಳಿ ಕಣವನ್ನು ನಮ್ಮ ಮೂಳೆ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ತಯಾರು ಮಾಡುತ್ತದೆ. ಯಾವ ಡಬ್ಬಿಯನ್ನೂ ಕೇಳದೆ.

ಇವು ಮೊದಲ ಸಾಲಿನ ಕಾವಲುಗಾರರು. ಇವರಿಗೆ ಒಳಗಿನವರು ಯಾರು, ಹೊರಗಿನವರು ಯಾರು ಅನ್ನುವ ಮಟ್ಟಿಗೆ ಗೊತ್ತು. ಬಂದವನು ಇಂಥವನೇ ಎಂದು ಹೆಸರು ಹಿಡಿದು ಹೇಳುವುದು ಇವರಿಂದ ಆಗದು. ಎಷ್ಟೋ ಸಲ ಇವರೇ ಸಾಕಾಗುತ್ತಾರೆ. ಸಾಕಾಗದಿದ್ದಾಗ ಏನಾಗುತ್ತದೆ?

ಕಾಲಿನ ಗಾಯ ಜೋರಾದಾಗ ತೊಡೆಸಂದಿಯಲ್ಲಿ ಗಂಟು ಬರುವುದನ್ನು ನೀವು ನೋಡಿರುತ್ತೀರಿ. ಗಾಯ ಪಾದದಲ್ಲಿ, ಗಂಟು ತೊಡೆಯಲ್ಲಿ. ಯಾಕೆ? ಅಲ್ಲಿ ಒಂದು ಠಾಣೆ ಇದೆ. ದುಗ್ಧಗ್ರಂಥಿ ಅಂತ ಅದರ ಹೆಸರು. ಕುತ್ತಿಗೆ, ಕಂಕುಳು, ತೊಡೆಸಂದಿ, ಹೊಟ್ಟೆಯೊಳಗೆ ಹೀಗೆ ಮೈತುಂಬ ನೂರಾರು ಠಾಣೆಗಳಿವೆ. ಗಾಯದ ಜಾಗದಿಂದ ಕೆಲವು ಕಣಗಳು ರೋಗಾಣುವಿನ ಚೂರನ್ನು ಹೊತ್ತುಕೊಂಡು ಈ ಠಾಣೆಗೆ ಓಡುತ್ತವೆ. ಅಲ್ಲಿ ಲಕ್ಷಾಂತರ ಬಗೆಯ ಕಣಗಳು ಕಾದಿರುತ್ತವೆ. ಒಂದೊಂದು ಬಗೆಗೂ ಒಂದೊಂದೇ ಬೀಗದ ಆಕಾರ ಗೊತ್ತು. ಬಂದ ಚೂರಿಗೆ ಯಾವ ಕಣದ ಕೀಲಿ ಹೊಂದುತ್ತದೋ ಅದು ಮಾತ್ರ ಎಚ್ಚರವಾಗಿ ಎರಡಾಗಿ, ನಾಲ್ಕಾಗಿ, ಸಾವಿರಾರು ಆಗುತ್ತದೆ. ಠಾಣೆ ಊದಿಕೊಳ್ಳುವುದು ಅದಕ್ಕೇ.

ಹೀಗೆ ಬೆಳೆದವರಲ್ಲಿ ಎರಡು ಗುಂಪು. ಬಿ ಕಣಗಳು ಪ್ರತಿಕಾಯ ಎನ್ನುವ ವಸ್ತುವನ್ನು ರಕ್ತಕ್ಕೆ ಸುರಿಯುತ್ತವೆ. ಅದು ಹೋಗಿ ಆ ಒಂದು ರೋಗಾಣುವಿಗೆ ಮಾತ್ರ ಅಂಟಿಕೊಂಡು ಅದರ ಕೈಕಾಲು ಕಟ್ಟುತ್ತದೆ. ಟಿ ಕಣಗಳಲ್ಲಿ ಕೆಲವು, ವೈರಸ್ ಒಳಹೊಕ್ಕ ನಮ್ಮದೇ ಜೀವಕೋಶವನ್ನು ಹುಡುಕಿ ಕೊಲ್ಲುತ್ತವೆ. ಇನ್ನು ಕೆಲವು ಇಡೀ ಪಡೆಗೆ ಮೇಸ್ತ್ರಿಯಾಗಿ ನಿಲ್ಲುತ್ತವೆ.

ಆದರೆ ಇದಕ್ಕೆಲ್ಲ ಸಮಯ ಬೇಕು. ಹೊಸ ರೋಗಾಣುವಾದರೆ ಪಡೆ ಪೂರ್ತಿ ಸಜ್ಜಾಗಲು ಒಂದರಿಂದ ಎರಡು ವಾರ. ಸಾವು ಬದುಕು ನಿರ್ಧಾರವಾಗುವುದು ಈ ದಿನಗಳಲ್ಲೇ. ವೈರಸ್ ಬೇಗ ಬೆಳೆಯುತ್ತದೋ, ಪಡೆ ಬೇಗ ಸಜ್ಜಾಗುತ್ತದೋ ಎನ್ನುವ ಓಟ ಅದು. ಗೆದ್ದ ಮೇಲೆ ಹೆಚ್ಚಿನ ಕಣಗಳು ಸಾಯುತ್ತವೆ, ಕೆಲವು ಉಳಿಯುತ್ತವೆ. ಅವು ನೆನಪಿನ ಕಣಗಳು. ಅದೇ ಕಳ್ಳ ಮತ್ತೆ ಬಂದರೆ ವಾರಗಟ್ಟಲೆ ಕಾಯಬೇಕಿಲ್ಲ, ಬೇಗನೆ ಹಿಡಿಯುತ್ತವೆ. ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬಾರದಿರುವುದು ಈ ನೆನಪಿನಿಂದ.

ಇಮ್ಯುನಿಟಿ ಅಂದರೆ ಇದು. ಕಲಿಕೆ ಮತ್ತು ನೆನಪು. ಲಸಿಕೆ ಮಾಡುವುದೂ ಇಷ್ಟೇ. ಕೊಂದ ಅಥವಾ ಬಲಗುಂದಿಸಿದ ರೋಗಾಣುವನ್ನೋ, ಅದರ ಚೂರನ್ನೋ ಠಾಣೆಗೆ ಮೊದಲೇ ತೋರಿಸುವುದು. ಕಳ್ಳ ಊರಿಗೆ ಬರುವ ಮುಂಚೆ ಅವನ ಫೋಟೋ ಅಂಟಿಸಿದ ಹಾಗೆ.

ಈಗ ನಮ್ಮ ಪ್ರಶ್ನೆ ಡಬ್ಬಿಯವರಿಗೆ. ನಿಮ್ಮ ಪುಡಿಯಲ್ಲಿ ಮಂಗನ ಕಾಯಿಲೆ ವೈರಸ್ಸಿನ ಗುರುತು ಇದೆಯಾ? ಡೆಂಗಿಯದು? ಟೈಫಾಯ್ಡಿನದು? ಇಲ್ಲ. ಒಂದೇ ಪುಡಿ ಎಲ್ಲಾ ರೋಗಕ್ಕೂ ಎಂದರೆ ಯಾವ ರೋಗದ ಗುರುತೂ ಅದರಲ್ಲಿ ಇಲ್ಲ ಎಂದೇ ಅರ್ಥ.

ಇನ್ನೊಂದು ಮಾತು. ಈ ಪಡೆ ಜೋರಾದಷ್ಟೂ ಒಳ್ಳೆಯದು ಎನ್ನುವುದೂ ಸುಳ್ಳು. ಹೂವಿನ ಪರಾಗಕ್ಕೆ, ದೂಳಿಗೆ ಪಡೆ ಸಿಡಿಮಿಡಿಗೊಂಡರೆ ಅದು ಅಲರ್ಜಿ. ನಮ್ಮ ಕೀಲುಗಳನ್ನೇ ಶತ್ರು ಎಂದು ತಿಳಿದರೆ ಒಂದು ಬಗೆಯ ಸಂಧಿವಾತ. ಕೊರೊನಾದಲ್ಲಿ ಉಸಿರಿಗೆ ಪರದಾಡಿದ ರೋಗಿಗಳಿಗೆ ವೈದ್ಯರು ಸ್ಟೀರಾಯ್ಡ್ ಕೊಟ್ಟಿದ್ದು ಇಮ್ಯುನಿಟಿ ಏರಿಸಲು ಅಲ್ಲ, ಹುಚ್ಚೆದ್ದ ಪಡೆಯನ್ನು ಇಳಿಸಲು. ಆದ್ದರಿಂದ 'ಇಮ್ಯುನಿಟಿ ಏರಿಸುತ್ತೇವೆ' ಎನ್ನುವವರನ್ನು ಕೇಳಿ: ಯಾವುದನ್ನು? ಎಷ್ಟು? ಯಾವ ರಕ್ತಪರೀಕ್ಷೆಯಲ್ಲಿ ಅಳೆದಿರಿ? ನಿಮ್ಮ ಇಮ್ಯುನಿಟಿ ಶೇಕಡಾ ಇಷ್ಟು ಎಂದು ಒಟ್ಟು ಲೆಕ್ಕ ಹೇಳುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ.

ಡಬ್ಬಿಯ ಹಿಂದೆ 14 ಅಂಕಿಯ ಸರ್ಕಾರಿ ನಂಬರ್ ಇದೆ ಎಂದು ತೋರಿಸುತ್ತಾರೆ. ಅದು ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರ್. ಬಿಸ್ಕತ್ತಿನ ಪೊಟ್ಟಣದ ಮೇಲೂ, ಖಾರದಪುಡಿ ಪ್ಯಾಕೆಟ್ಟಿನ ಮೇಲೂ ಇರುತ್ತದೆ. ಇದು ಆಹಾರ ಎಂದು ಪರವಾನಗಿ ಪಡೆದಿದೆ ಎಂದಷ್ಟೇ ಅದರ ಅರ್ಥ. ರೋಗ ತಡೆಯುತ್ತದೆ ಎಂದು ಸರ್ಕಾರ ಸಹಿ ಹಾಕಿದೆ ಎಂದಲ್ಲ.

'ಹಾಗಾದರೆ ನಮ್ಮ ಅಜ್ಜಿಯ ಕಷಾಯವೂ ಸುಳ್ಳಾ?' ಎಂದು ಕೇಳುವವರಿದ್ದೀರಿ. ನಮಗೂ ಅಜ್ಜಿಯರಿದ್ದಾರೆ. ಶೀತವಾದಾಗ ಶುಂಠಿ ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ ಕೊಡುತ್ತದೆ, ನಾವೂ ಕುಡಿಯುತ್ತೇವೆ. ಆದರೆ ಹಿತ ಬೇರೆ, ರಕ್ಷಣೆ ಬೇರೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ಎಷ್ಟು ತಿಂದರೂ ಅಪಾಯವಿಲ್ಲ ಎಂದೂ ತಿಳಿಯಬೇಡಿ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯನ್ನು ದಿನಗಟ್ಟಲೆ ಸೇವಿಸಿದ ಕೆಲವರಿಗೆ ಲಿವರ್ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ದಾಖಲಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಕಾಮಾಲೆ ಇರುವವರು ಕೇಳದೆ ಏನನ್ನೂ ತಿಂಗಳುಗಟ್ಟಲೆ ನುಂಗಬಾರದು.

'ಹಿಂದಿನವರು ಲಸಿಕೆ ಇಲ್ಲದೆ ಗಟ್ಟಿ ಇದ್ದರು' ಎನ್ನುವ ಮಾತು ಫೋನಿನಲ್ಲಿ ಸುತ್ತುತ್ತಲೇ ಇರುತ್ತದೆ. ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ 80 ದಾಟಿದ ಅಜ್ಜಿ ಇದ್ದರೆ, ಹತ್ತಿರ ಕೂತು ಎಷ್ಟು ಹೆತ್ತಿರಿ, ಎಷ್ಟು ಉಳಿದವು ಎಂದು ಕೇಳಿ. ನಾವು ಕೇಳಿದ್ದೇವೆ. ಉತ್ತರ ಹೇಳುವಾಗ ಅವರು ಬೆರಳು ಮಡಿಸುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಗಟ್ಟಿ ಇದ್ದವರು ನಮ್ಮ ಕಣ್ಣಿಗೆ ಬೀಳುವುದು ಅವರು ಉಳಿದುಕೊಂಡದ್ದರಿಂದ. ಉಳಿಯದವರು ಕತೆ ಹೇಳಲು ಬರುವುದಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರಲ್ಲಿ. ಪೋಲಿಯೊದ ಕೊನೆಯ ಪ್ರಕರಣ 2011ರಲ್ಲಿ. ಎರಡನ್ನೂ ಓಡಿಸಿದ್ದು ಕಷಾಯವಲ್ಲ, ಮನೆಮನೆಗೆ ನಡೆದುಹೋದ ಲಸಿಕೆ.

ಇನ್ನು ಮಂಗನ ಕಾಯಿಲೆ. ಡಬ್ಬಿಯವರು ಧೈರ್ಯವಾಗಿ ಆ ಹೆಸರು ಎತ್ತಿದ್ದು ಯಾಕೆ ಎಂದು ನಾವು ಯೋಚಿಸಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಇಡೀ ಜಗತ್ತಿನ ವೈದ್ಯಪುಸ್ತಕಗಳಲ್ಲಿ ಇವತ್ತಿಗೂ ಆ ರೋಗಕ್ಕೆ ನಮ್ಮ ಕ್ಯಾಸನೂರಿನ ಹೆಸರೇ ಇದೆ. ಅದು ಹರಡುವುದು ಕಾಡಿನ ಉಣುಗು ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಅಂದರೆ ಓಟದಲ್ಲಿ ಗೆಲ್ಲಬೇಕಾದ್ದು ನಮ್ಮ ಪಡೆಯೇ. ಆಸ್ಪತ್ರೆಯವರು ಮಾಡಬಹುದಾದ್ದು ಪಡೆ ಸಜ್ಜಾಗುವವರೆಗೆ ಜೀವ ಹಿಡಿದಿಡುವುದು.

ಈ ರೋಗಕ್ಕೆ ತುತ್ತಾಗುವವರು ಯಾರು? ದರಗು ತರಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರು. ಬೆಟ್ಟ ಹತ್ತಿ ಇಳಿಯುವ ಗಟ್ಟಿ ಆಳುಗಳು. ಅವರಿಗೆ ಇಮ್ಯುನಿಟಿ ಕಡಿಮೆ ಎಂದು ಹೇಳುವ ಬಾಯಿಗೆ ಏನನ್ನಬೇಕು? ಅವರಲ್ಲಿ ಕಡಿಮೆ ಇದ್ದದ್ದು ಶಕ್ತಿಯಲ್ಲ, ಆ ಒಂದು ವೈರಸ್ಸಿನ ಗುರುತು.

ಗುರುತು ಕಲಿಸಲು ಲಸಿಕೆ ಇತ್ತು. ಫಾರ್ಮಲಿನ್‌ನಲ್ಲಿ ಕೊಂದ ವೈರಸ್ಸಿನಿಂದ ಮಾಡಿದ್ದು, 1990ರಿಂದ ಮಲೆನಾಡಿನಲ್ಲಿ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿ ವರ್ಷ ಒಂದೊಂದು. ಯಾಕೆ ಇಷ್ಟು ಸಲ? ಆ ಲಸಿಕೆ ಮೂಡಿಸುತ್ತಿದ್ದ ನೆನಪು ಬೇಗ ಮಸುಕಾಗುತ್ತಿತ್ತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ಅದರ ಫಲ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ ಶೇಕಡಾ 83ರಷ್ಟು. ಆದರೆ ಚುಚ್ಚಿದ ಕಡೆ ನೋವು, ಉರಿ. ಕೂಲಿ ಬಿಟ್ಟು ಮತ್ತೆ ಮತ್ತೆ ಬರಬೇಕು. ಬಹಳ ಜನ ಪೂರ್ತಿ ಪಡೆಯಲೇ ಇಲ್ಲ.

ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2019ರ ಆಸುಪಾಸಿನಲ್ಲಿ ಆದ ಸಾವುಗಳು ಮಲೆನಾಡಿಗೆ ನೆನಪಿವೆ. ಆಮೇಲೆ ಲಸಿಕೆಯ ಸಾಮರ್ಥ್ಯವೇ ಸಾಲದು ಎಂಬ ಪ್ರಶ್ನೆ ಎದ್ದು, 2022ರಲ್ಲಿ ಅದನ್ನು ಕೊಡುವುದು ನಿಂತಿತು. ಫಲ ಕೊಡದ ಲಸಿಕೆ ನಿಲ್ಲಿಸಿದ್ದು ತಪ್ಪಲ್ಲ. ಹೊಸದು ಕೈಯಲ್ಲಿ ಇಲ್ಲದೆ ಹಳೆಯದು ಸೋಲುವವರೆಗೆ ಸುಮ್ಮನಿದ್ದದ್ದು ತಪ್ಪು. ರೋಗ ಪತ್ತೆಯಾದದ್ದು 1957ರಲ್ಲಿ, ಲಸಿಕೆಯ ದೌರ್ಬಲ್ಯ ವರ್ಷಗಳಿಂದ ಗೊತ್ತಿತ್ತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸ ಮಾಡುತ್ತಿದೆ. ಕಾಯಿಲೆ ಇಡೀ ದೇಶದ್ದಾಗಿದ್ದರೆ, ದೊಡ್ಡ ನಗರಗಳದ್ದಾಗಿದ್ದರೆ ಇಷ್ಟು ತಡವಾಗುತ್ತಿತ್ತೇ? ಕೊರೊನಾಕ್ಕೆ ಲಸಿಕೆ ಒಂದು ವರ್ಷದೊಳಗೆ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ.

ಡಬ್ಬಿ ಬಂದು ಕೂತದ್ದು ಈ ಖಾಲಿ ಜಾಗದಲ್ಲಿ. ಅದಕ್ಕೇ ನಾವು ಹೇಳುತ್ತಿರುವುದು: 'ಇಮ್ಯುನಿಟಿ ಬೆಳೆಸಿಕೊಳ್ಳಿ' ಎನ್ನುವ ಮಾತು ಕೇಳಲು ಚೆಂದ, ಒಳಗೆ ಮೋಸ. ಆ ಮಾತಿನಿಂದ ಲಸಿಕೆ ತರಬೇಕಾದವರು ಪಾರಾಗುತ್ತಾರೆ, ಕುಡಿಯುವ ನೀರು ಶುದ್ಧ ಕೊಡಬೇಕಾದವರು ಪಾರಾಗುತ್ತಾರೆ, ಚರಂಡಿ ಕಟ್ಟಿಸಬೇಕಾದವರು ಪಾರಾಗುತ್ತಾರೆ. ಟೈಫಾಯ್ಡ್ ಬಂದದ್ದು ನಲ್ಲಿಯಲ್ಲಿ ಕೊಳಚೆ ಸೇರಿದ್ದಕ್ಕಲ್ಲ, ನಿನ್ನ ಇಮ್ಯುನಿಟಿ ಕಡಿಮೆ ಇದ್ದುದಕ್ಕೆ ಎಂದಾಗುತ್ತದೆ. ಕಾಯಿಲೆ ಬಿದ್ದವನೇ ತಪ್ಪಿತಸ್ಥ. ತಪ್ಪಿಗೆ ದಂಡ 1,850 ರೂಪಾಯಿ.

ದೇಹದ ಪಡೆಗೆ ಆಹಾರ ಬೇಡ ಎಂದು ನಾವು ಹೇಳುತ್ತಿಲ್ಲ. ಅರೆಹೊಟ್ಟೆಯ ಮಗುವಿಗೆ ಭೇದಿ, ನ್ಯುಮೋನಿಯಾ ಬೇಗ ಹತ್ತುತ್ತವೆ, ಬೇಗ ಕೊಲ್ಲುತ್ತವೆ. ಪ್ರತಿಕಾಯ ಅಂದರೆ ಪ್ರೋಟೀನ್. ಅದು ತಯಾರಾಗುವುದು ನಾವು ತಿನ್ನುವ ಮೊಟ್ಟೆ, ಮೀನು, ಹಾಲು, ಬೇಳೆ, ಹುರುಳಿ, ಕಡಲೆಯಿಂದ. ಎ ಜೀವಸತ್ವ ಕಡಿಮೆಯಾದರೆ ಬೇಲಿಯೇ ಸಡಿಲವಾಗುತ್ತದೆ. ಅದಕ್ಕೇ ಐದು ವರ್ಷದವರೆಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಅದರ ದ್ರಾವಣ ಕುಡಿಸುವುದು. ನಿದ್ದೆ ಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಬೀಡಿ ಸಾರಾಯಿ ಬಿಡಬೇಕು. ಸಿ ಜೀವಸತ್ವ ಬೇಕೇ? ಹಿತ್ತಲಿನ ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಹೆಚ್ಚಿದೆ. ಕೊರತೆ ಇದ್ದರೆ ತುಂಬಿದಾಗ ಲಾಭ. ಕೊರತೆ ಇಲ್ಲದವರು ಡಬ್ಬಿಯಲ್ಲಿ ಹೆಚ್ಚುವರಿ ನುಂಗಿದ ಸಿ ಜೀವಸತ್ವ ಮೂತ್ರದಲ್ಲಿ ಹೋಗುತ್ತದೆ. ಮೂರು ಡಬ್ಬಿಯ 5,550 ರೂಪಾಯಿಗೆ ಆ ಮನೆಗೆ ಎಷ್ಟು ತಿಂಗಳ ಮೊಟ್ಟೆ, ಬೇಳೆ ಬರುತ್ತಿತ್ತು, ನೀವೇ ಲೆಕ್ಕ ಹಾಕಿ.

ಮತ್ತೆ ಆ ಮೊಮ್ಮಗುವಿನ ವಿಷಯಕ್ಕೆ ಬರೋಣ. ದಡಾರ ಬರೀ ಮೈಮೇಲಿನ ಗುಳ್ಳೆ, ದೇವಿಯ ಆಟ ಎಂದು ತಿಳಿದವರು ಇನ್ನೂ ಇದ್ದಾರೆ. ದಡಾರದ ವೈರಸ್ ಹೋಗಿ ಕೂರುವುದು ನೆನಪಿನ ಕಣಗಳಲ್ಲೇ. ಮಗು ಅಲ್ಲಿಯವರೆಗೆ ಬೇರೆ ರೋಗಗಳ ವಿರುದ್ಧ ಕಲಿತದ್ದನ್ನೂ ಅದು ಅಳಿಸಿಹಾಕುತ್ತದೆ. ಲಸಿಕೆ ಪಡೆಯದ ಮಕ್ಕಳಲ್ಲಿ ದಡಾರ ಬಂದುಹೋದ ಮೇಲೆ, ಹಿಂದೆ ಇದ್ದ ಬಗೆಬಗೆಯ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರವರೆಗೆ ಇಲ್ಲವಾಗಿದ್ದನ್ನು 2019ರಲ್ಲಿ ವಿಜ್ಞಾನಿಗಳು ತೋರಿಸಿದರು. ಆಮೇಲೆ ಬರುವ ನ್ಯುಮೋನಿಯಾಕ್ಕೆ, ಭೇದಿಗೆ ಮಗು ಮತ್ತೆ ಹೊಸಬನಾಗಿ ಸಿಗುತ್ತದೆ. ನಿಜವಾಗಿ ಇಮ್ಯುನಿಟಿ ಕಾಪಾಡುವ ವಸ್ತು ಆ ಊರಿನಲ್ಲಿ ಇದ್ದದ್ದು ಒಂದೇ: ಖಾಲಿ ಬಿಟ್ಟಿದ್ದ ಆ ಎರಡನೇ ಡೋಸ್. ಕೊಡಬೇಕಾದ್ದು 16ರಿಂದ 24 ತಿಂಗಳೊಳಗೆ. ತಪ್ಪಿದ್ದರೂ ಮಕ್ಕಳಿಗೆ ಐದು ವರ್ಷದೊಳಗೆ ಹಾಕಿಸಬಹುದು. ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಿದೆವು, ಮುಂದಿನ ಗುರುವಾರ ಹಾಕಿದರು. ಖರ್ಚು ಶೂನ್ಯ. ಮಗು ಅತ್ತಿತು, ಒಂದು ದಿನ ಮೈ ಬೆಚ್ಚಗಾಯಿತು. ಠಾಣೆಯಲ್ಲಿ ಪಾಠ ನಡೆಯುತ್ತಿದೆ ಎಂದು ಅಜ್ಜಿಗೆ ಹೇಳಿದೆವು.

ಈಗ ಕೆಲಸದ ಮಾತು. ಇದನ್ನು ಓದಿ ಮುಂದಿನ ಗ್ರೂಪಿಗೆ ಕಳಿಸಿದರೆ ಸಾಲದು.

ಮನೆಯಲ್ಲಿ ಮಗು ಇದ್ದರೆ ಇವತ್ತೇ ತಾಯಿ ಕಾರ್ಡ್ ತೆಗೆದು ಖಾಲಿ ಜಾಗ ಹುಡುಕಿ.

ನಾಯಿ ಕಚ್ಚಿದರೆ ಸುಣ್ಣ, ಖಾರದಪುಡಿ ಹಚ್ಚಬೇಡಿ. ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಎಲ್ಲಾ ಡೋಸ್ ಮುಗಿಸಿ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸುವುದು ಸಾಧ್ಯವಿಲ್ಲವೆಂದೇ ತಿಳಿಯಿರಿ. ಗಾಯ ಆಳವಿದ್ದರೆ ಲಸಿಕೆ ಜೊತೆ ಇಮ್ಯುನೋಗ್ಲಾಬ್ಯುಲಿನ್ ಬೇಕು ಎಂದು ಕೇಳಿ. ಅದು ಸಿದ್ಧ ಪ್ರತಿಕಾಯ. ನಮ್ಮ ಪಡೆ ಸಜ್ಜಾಗುವವರೆಗೆ ಅದೇ ಕಾವಲು.

ಕಾಡಂಚಿನವರು ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಬಿಟ್ಟಿ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿ, ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಮೈ ತೊಳೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಡಬ್ಬಿ ಬಿಚ್ಚಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಿ. ನಮ್ಮ ಆರೋಗ್ಯ ಕೇಂದ್ರದಲ್ಲಿ ರೇಬಿಸ್ ಲಸಿಕೆ ಇವತ್ತು ಇದೆಯಾ? ಡೋಸ್ ತಪ್ಪಿದ ಮಕ್ಕಳ ಪಟ್ಟಿ ಎಲ್ಲಿದೆ? ಕುಡಿಯುವ ನೀರಿನ ಪರೀಕ್ಷೆ ಕೊನೆಗೆ ಯಾವಾಗ ಆಯಿತು? ಮಂಗನ ಕಾಯಿಲೆಯ ಹೊಸ ಲಸಿಕೆ ಎಲ್ಲಿಗೆ ಬಂತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ನಮಗೂ ಕಳಿಸಿ, ನಾವು ಪ್ರಕಟಿಸುತ್ತೇವೆ.

ಆ ಕಾರು ಮತ್ತೆ ಬರುತ್ತದೆ, ಡಬ್ಬಿಯ ಬಣ್ಣ ಬದಲಾಗಿರಬಹುದು. ಬಂದಾಗ ಜಗುಲಿಯ ಮೇಲೆ ಕೂರಿಸಿ, ನೀರು ಕೊಡಿ, ನಮ್ಮ ಪದ್ಧತಿ ಅದು. ಆಮೇಲೆ ಒಂದೇ ಪ್ರಶ್ನೆ ಕೇಳಿ: 'ನಿಮ್ಮ ಪುಡಿಗೆ ಯಾವ ರೋಗದ ಗುರುತು ಗೊತ್ತು?' ಉತ್ತರ ಬರುವವರೆಗೆ ಸಂಘದ ಪೆಟ್ಟಿಗೆಯ ಬೀಗ ತೆಗೆಯಬೇಡಿ.